ಸೂತಕಕ್ಕೆ ಡಿಎನ್‌ಎ ಕೇಳಿದ ದೊಡ್ಡಪ್ಪ

ಶಿರಸಿ ಕಡೆಯ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ನನ್ನತ್ತ ಹುಬ್ಬು ಹಾರಿಸಿ ಪಕ್ಕದವರ ಕಿವಿಯಲ್ಲಿ ಹೇಳುತ್ತಾರೆ, ಡಿಎನ್‌ಎ ಮಾಡಿ ಸೂತಕ ತೆಗೆದ ಕೂಸು ಇದೇ ಅಂತ. ಪಕ್ಕದವರು ಪಾಯಸ ಸುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಾರೆ. ಅವರು ಹೇಳಿಕೊಳ್ಳುವ ಕಥೆ ಇಷ್ಟು. ವಾನಳ್ಳಿಯ ನನ್ನ ದೊಡ್ಡಪ್ಪನ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಅದೇ ಹೊತ್ತಿಗೆ ಚಂದಗುಳಿಯ ದಾಯಾದಿ ಮನೆಯ ಅಜ್ಜ ಹಾಸಿಗೆ ಹಿಡಿದ. ಅಜ್ಜ ಮೊದಲು ಹೋದರೆ ಸೂತಕ ಬಂದು ಮದುವೆ ನಿಲ್ಲುತ್ತಿತ್ತು. ಆಗ ವಿಶ್ವವಿದ್ಯಾಲಯದಲ್ಲಿ ವಿಧಿವಿಜ್ಞಾನ ಓದುತ್ತಿದ್ದ ನಾನು ಎರಡೂ ಮನೆಯವರ ಎಂಜಲು ಒಯ್ದು ಯಂತ್ರಕ್ಕೆ ಹಾಕಿ, ಇವರು ದಾಯಾದಿಗಳೇ ಅಲ್ಲ ಎಂದು ತೋರಿಸಿದೆ. ಮದುವೆ ನಿಶ್ಚಿಂತೆಯಿಂದ ನಡೆಯಿತು.

ಕಥೆ ಚೆನ್ನಾಗಿದೆ. ಚರ್ಚಾಸ್ಪರ್ಧೆಯಲ್ಲಿ ನಾನೇ ಎದುರು ಪಕ್ಷದಲ್ಲಿ ಕೂತಿದ್ದರೆ ಇದನ್ನು ಒಂದೇ ಪ್ರಶ್ನೆಯಲ್ಲಿ ಉರುಳಿಸುತ್ತಿದ್ದೆ. ದಾಯಾದಿಗಳೇ ಅಲ್ಲ ಎಂದಾಗಿದ್ದರೆ, ಮದುವೆ ಮುಗಿದ ಮೇಲೆ ಅಜ್ಜನ ಸುದ್ದಿ ಬಂದಾಗ ದೊಡ್ಡಪ್ಪ ಸೂತಕ ಹಿಡಿದದ್ದು ಯಾಕೆ? ಹಣೆಗೆ ಗಂಧವಿಲ್ಲ, ದೇವರ ಕೋಣೆಯ ಹೊಸ್ತಿಲು ದಾಟಲಿಲ್ಲ, ದೇವಸ್ಥಾನದ ಕಡೆ ತಲೆ ಹಾಕಲಿಲ್ಲ. ಊರೆಲ್ಲ ನೋಡಿದೆ. ನೋಡಿಯೂ ಡಿಎನ್‌ಎ ಕಥೆ ಹೇಳುತ್ತಾರೆ. ಯಂತ್ರ ಅಂದಮೇಲೆ ಯಾರಿಗೂ ಎರಡನೇ ಪ್ರಶ್ನೆ ಹೊಳೆಯುವುದಿಲ್ಲ, ನಮ್ಮಲ್ಲಿ ಮೊದಲು ಭಟ್ಟರ ಮಾತಿಗಿದ್ದ ಮರ್ಯಾದೆ ಈಗ ಅದಕ್ಕಿದೆ. ನಮ್ಮ ಕುಟುಂಬದ ಒಂದು ಹನಿ ಎಂಜಲೂ ಯಾವ ಯಂತ್ರದೊಳಗೂ ಹೋಗಿಲ್ಲ, ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಡೆದದ್ದು ಬೇರೆ.

ಅಕ್ಕ, ಅಂದರೆ ದೊಡ್ಡಪ್ಪನ ಒಬ್ಬಳೇ ಮಗಳು, ಯಲ್ಲಾಪುರದಲ್ಲಿ ಹೈಸ್ಕೂಲು ಟೀಚರು. ಹುಡುಗ ಸಿದ್ದಾಪುರದ ದನದ ಡಾಕ್ಟರು. ಅವಳೇ ನೋಡಿ ಒಪ್ಪಿದ್ದ ಹುಡುಗ. ಜಾತಕ ಕೂಡಲಿಲ್ಲ ಎಂದು ದೊಡ್ಡಪ್ಪ ಬಹಳ ಕಾಲ ಎಳೆದಾಡಿ, ಕೊನೆಗೆ ಬೇರೆ ಜೋಯಿಸರ ಹತ್ತಿರ ಅದೇ ಜಾತಕ ಕೂಡಿಸಿಕೊಂಡು ಬಂದಿದ್ದ. ಹುಡುಗನ ತಾಯಿಗೂ ಆ ಜಾತಕದ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಇಟ್ಟ ಮುಹೂರ್ತ ತಪ್ಪಿದರೆ ಮುಂದೆ ಶುಕ್ರಮೌಢ್ಯ, ತಿಂಗಳುಗಟ್ಟಲೆ ಮದುವೆಯಿಲ್ಲ. ಅಷ್ಟರಲ್ಲಿ ತಾನು ಇನ್ನೊಮ್ಮೆ ಜಾತಕ ತೋರಿಸುತ್ತೇನೆ ಎಂದು ಆಕೆ ಫೋನಿನಲ್ಲಿ ಬಹಳ ಮೃದುವಾಗಿ ಹೇಳಿದ್ದರು. ಆ ಮೃದುತನಕ್ಕೆ ಅಕ್ಕ ಊಟ ಬಿಟ್ಟಿದ್ದಳು. ತಾರೀಕು ಹೋದರೆ ಮದುವೆಯೇ ಹೋದೀತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಇತ್ತ ಚಂದಗುಳಿಯ ಅಜ್ಜನನ್ನು ಯಲ್ಲಾಪುರದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿಬಿಟ್ಟಿದ್ದರು. ಅವರ ಮನೆಗೂ ನಮಗೂ ಇದ್ದ ಸಂಬಂಧ ಏನೆಂದು ಕೇಳಿದರೆ, ಯಾವುದೋ ಕಾಲದಲ್ಲಿ ವಾನಳ್ಳಿಯಿಂದ ಒಬ್ಬ ಅತ್ತ ಹೋಗಿ ನೆಲೆ ನಿಂತನಂತೆ ಎನ್ನುವುದೊಂದೇ ಉತ್ತರ. ಎಷ್ಟನೆಯ ತಲೆಮಾರು ಎನ್ನುವುದು ಯಾರಿಗೂ ಗೊತ್ತಿಲ್ಲ. ಏಳು ತಲೆಮಾರಿನೊಳಗಾದರೆ ಹತ್ತು ದಿನದ ಸೂತಕ, ಅದರಾಚೆಗಾದರೆ ಮೂರು ದಿನ, ಸಂಬಂಧವೇ ಇಲ್ಲವಾದರೆ ಸುದ್ದಿ ಕೇಳಿದ ಕೂಡಲೇ ಮಾಡುವ ಸ್ನಾನವೂ ಬೇಡ. ಗೊತ್ತಿಲ್ಲದ ಮೇಲೆ ಹೆಚ್ಚೇ ಹಿಡಿದರೆ ಕ್ಷೇಮ ಅಂತ ಹಿಂದಿನವರು ಹತ್ತು ದಿನ ಹಿಡಿಯುತ್ತ ಬಂದರು. ಅವರಲ್ಲಿ ಮಗು ಹುಟ್ಟಿದರೂ ನಮಗೆ ಪೂಜೆಯಿಲ್ಲ, ನಮ್ಮಲ್ಲಿ ಯಾರಾದರೂ ಹೋದರೂ ಅವರಿಗೆ ಹಬ್ಬವಿಲ್ಲ. ಸಂತೋಷದ ಹೊತ್ತಿನಲ್ಲಿ ಹೋಗಿಬರುವುದು ಕಡಿಮೆ. ಒಬ್ಬರು ಇನ್ನೊಬ್ಬರ ಹಬ್ಬ ಕೆಡಿಸುತ್ತ ಉಳಿಸಿಕೊಂಡ ಬಾಂಧವ್ಯ ಎಂದು ನಾನು ಒಮ್ಮೆ ಅಂದದ್ದಕ್ಕೆ ದೊಡ್ಡಪ್ಪ ಎರಡು ದಿನ ಮಾತು ಬಿಟ್ಟಿದ್ದ.

ಅದೇ ದೊಡ್ಡಪ್ಪ ಒಂದು ಮಧ್ಯಾಹ್ನ ನನಗೆ ಫೋನು ಮಾಡಿದ. ನಾನು ಕೇಂದ್ರದ ಕಾರಿಡಾರಿನಲ್ಲಿದ್ದೆ. ನಮ್ಮ ವಿಧಿವಿಜ್ಞಾನ ಕೇಂದ್ರದಲ್ಲಿ ಮೇಲಿನ ಅಂತಸ್ತು ಪಾಠಕ್ಕೆ, ಕೆಳಗಿನದು ಡಿಎನ್‌ಎ ಪರೀಕ್ಷೆಗೆ. ಫೋನಿನಲ್ಲಿ ದೊಡ್ಡಪ್ಪನ ದನಿ ಸಣ್ಣದಾಗಿತ್ತು.

‘ತಂಗಿ, ಎಂಜಲು ನೋಡಿ ಕುಲ ಹೇಳಲೆ ಬತ್ತಡ ನಿಂಗಕ್ಕೆ, ಹೌದನೆ?’

ಯಾರು ಹೇಳಿದರು ಅಂತ ಕೇಳಿದೆ. ಶಿರಸಿಯಲ್ಲಿ ಸೊಸೈಟಿಗೆ ಹೋದಾಗ ಯಾರೋ ಮೊಬೈಲಿನಲ್ಲಿ ತೋರಿಸಿದರಂತೆ. ನಾನು ಉತ್ಸಾಹದಿಂದ ಪಾಠ ಶುರುಮಾಡಿದೆ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ಇಳಿದುಬರುವ ವೈ ಅನ್ನುವ ಒಂದು ತುಂಡಿದೆ, ಎರಡು ಮನೆಯ ಗಂಡಸರ ತುಂಡು ಹೋಲಿಸಿ ನೋಡಬಹುದು ಎಂದೆ. ಹಾಗಾದರೆ ನಿನ್ನ ಎಂಜಲನ್ನೇ ಹಾಕು, ನಾನೆಲ್ಲಿ ಅಷ್ಟು ದೂರ ಬರಲಿ ಎಂದ. ಆ ತುಂಡು ಹೆಂಗಸರಲ್ಲಿ ಇರುವುದೇ ಇಲ್ಲ ಎಂದು ವಿವರಿಸಿದೆ. ಅದಕ್ಕೇ ಶಾಸ್ತ್ರದಲ್ಲಿ ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ತವರಿನ ಸೂತಕ ಕಡಿಮೆ ಇಟ್ಟಿದ್ದು ಎಂದು ಬಹಳ ತೃಪ್ತಿಯಿಂದ ಹೇಳಿದ. ನಾನು ವಿಜ್ಞಾನ ಹೇಳಿಕೊಡಲು ಹೋಗಿ ಶಾಸ್ತ್ರಕ್ಕೆ ಒಂದು ಸಾಕ್ಷಿ ಒದಗಿಸಿಕೊಟ್ಟಿದ್ದೆ.

ನಮ್ಮ ಮೇಡಂ ಹತ್ತಿರ ಕೇಳಿದೆ. ಅವರು ನಗಲಿಲ್ಲ, ಅದೇ ಕಷ್ಟ. ಕೋರ್ಟಿನ ಕೆಲಸ ನಡೆಯುವ ಜಾಗಕ್ಕೆ ನಿಮ್ಮ ಮನೆಯ ಸೂತಕ ತರಬೇಡ, ಬೇಕಿದ್ದರೆ ಎರಡೂ ಮನೆಯವರು ಒಪ್ಪಿ ಸಹಿ ಹಾಕಿದರೆ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಎಂದು ನೋಡೋಣ ಎಂದರು. ಆಮೇಲೆ ಎರಡು ಮಾತು ಸೇರಿಸಿದರು. ಹೊಂದಿದರೂ ಅದು ಆರನೆಯ ತಲೆಮಾರೋ ಒಂಬತ್ತನೆಯದೋ ಖಂಡಿತ ಹೇಳಲಿಕ್ಕಾಗದು, ಅಂದರೆ ಹತ್ತು ದಿನವೋ ಮೂರು ದಿನವೋ ಎಂಬ ನಿಮ್ಮ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವೇ ಇಲ್ಲ. ಎರಡನೆಯದು, ಎಂಜಲು ತೆಗೆಯುವ ಕಡ್ಡಿ ಬಾಯಿಗಿಡುವ ಮೊದಲು, ಹೌದು ಅಂತ ಬಂದರೆ ಏನು ಮಾಡುತ್ತೀರಿ, ಇಲ್ಲ ಅಂತ ಬಂದರೆ ಏನು ಮಾಡುತ್ತೀರಿ ಅಂತ ಅವರನ್ನು ಕೇಳು.

ಮೊದಲನೆಯದನ್ನು ದೊಡ್ಡಪ್ಪನಿಗೆ ಹೇಳಿದೆ. ತನಗೆ ಇಲ್ಲ ಎಂದು ಬಂದರೆ ಸಾಕು, ಹೌದಾದರೆ ಹೇಗೂ ಹತ್ತು ದಿನ ಇದ್ದೇ ಇದೆ ಎಂದ. ಎರಡನೆಯದನ್ನು ಕೇಳುವುದು ನನಗೆ ಮರೆತುಹೋಯಿತು. ಮರೆಯಿತು ಅಂದರೆ, ಅದರ ಉತ್ತರ ನನಗೆ ಗೊತ್ತಿದೆ ಅಂದುಕೊಂಡಿದ್ದೆ.

ಹತ್ತಿ ಸುತ್ತಿದ ಕಡ್ಡಿಗಳ ಕಟ್ಟು ಹಿಡಿದು ವಾನಳ್ಳಿಗೆ ಬಂದೆ. ಕೆನ್ನೆಯ ಒಳಭಾಗಕ್ಕೆ ಕಡ್ಡಿ ಉಜ್ಜುವುದು, ಒಣಗಿಸುವುದು, ಲಕೋಟೆಗೆ ಹಾಕುವುದು, ಇಷ್ಟೇ ಕೆಲಸ. ಆದರೆ ಬಾಯಿ ಖಾಲಿಯಿರಬೇಕು. ನಮ್ಮ ದೊಡ್ಡಪ್ಪನ ಬಾಯಿ ಎಚ್ಚರವಿದ್ದಷ್ಟು ಹೊತ್ತೂ ಖಾಲಿಯಿರುವ ಬಾಯಲ್ಲ. ಮೊದಲ ಕಡ್ಡಿ ಕೆಂಪಾಗಿ ಬಂತು. ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕಾಯಬೇಕು ಎಂದೆ. ಮುಕ್ಕಳಿಸಿದ, ಕಾದ. ಅಷ್ಟರಲ್ಲಿ ಮದುವೆಯ ಅಡುಗೆಯವರು ಮಾತಾಡಲು ಬಂದರು. ಬಂದವರಿಗೆ ಎಲೆ ಅಡಿಕೆಯ ಕವಳ ಕೊಡಬೇಕು. ಕೊಟ್ಟ ಮೇಲೆ ತಾನು ಹಾಕದೆ ಕೂತರೆ ಅವರಿಗೆ ಅವಮಾನ. ಎರಡನೆಯ ಕಡ್ಡಿಯೂ ಕೆಂಪು. ಮೂರನೆಯ ಸಲ ಚಪ್ಪರದವನು ಬಂದ.

ಅಡಿಕೆಯ ಒಗರು ಪರೀಕ್ಷೆಯ ರಾಸಾಯನಿಕವನ್ನೇ ಕಟ್ಟಿಹಾಕುತ್ತದೆ, ಏನೂ ಗೊತ್ತಾಗುವುದಿಲ್ಲ ಎಂದು ರೇಗಿದೆ. ದೊಡ್ಡಪ್ಪನಿಗೆ ನಿಜವಾಗಿ ಬೇಸರವಾಯಿತು. ನಿನ್ನನ್ನು ಓದಿಸಿದ್ದು ಯಾವುದು ಅಂತ ನೆನಪಿರಲಿ, ಅದರ ಮೇಲೇ ದೂರು ಹೇಳುವ ವಿದ್ಯೆ ಎಂಥದ್ದು ಎಂದ. ನಾನು ಕೈಗವಸು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಯಾರೂ ನನ್ನನ್ನು ಮುಟ್ಟಬೇಡಿ ಎಂದು ಸರಿದು ನಿಂತದ್ದನ್ನು ನೋಡಿ ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಮಡಿಯ ವಿರುದ್ಧ ಮಾತಾಡಿ ನಾನು ಗೆದ್ದುತಂದ ಬಹುಮಾನದ ಕಪ್ ಅವರ ಕಪಾಟಿನಲ್ಲೇ ಇತ್ತು. ನಮ್ಮ ಲ್ಯಾಬಿನಲ್ಲಿ ಒಂದು ಕೋಣೆಯಿಂದ ಮುಂದಿನ ಕೋಣೆಗೆ ಹೋದವರು ಅದೇ ಬಟ್ಟೆಯಲ್ಲಿ ಹಿಂದೆ ಬರುವಂತಿಲ್ಲ ಎಂದು ಹೇಳಿದ್ದು ತಪ್ಪಾಯಿತು. ಅಂದಿನಿಂದ ದೊಡ್ಡಮ್ಮ ಅಡುಗೆಮನೆಯಿಂದ ನನ್ನನ್ನು ಅಟ್ಟಬೇಕಾದಾಗಲೆಲ್ಲ, ಇದು ಮುಂದಿನ ಕೋಣೆ ತಂಗಿ, ಎನ್ನುತ್ತಾಳೆ.

ಕೊನೆಗೆ ದೊಡ್ಡಪ್ಪ ಉಪ್ಪರಿಗೆ ಹತ್ತಿ, ಒಳಗಿನಿಂದ ಚಿಲಕ ಹಾಕಿಕೊಂಡು ಅರ್ಧ ಗಂಟೆ ಬಾಯಿ ಕಟ್ಟಿ ಕೂತ. ಮನೆಯಲ್ಲಿ ಮಾತೇ ಇಲ್ಲ. ಬಾವಿಯಿಂದ ನೀರು ತರುತ್ತಿದ್ದವಳು, ಒಡೆಯರಿಗೆ ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು. ಕಡ್ಡಿ ಬಿಳಿಯಾಗಿಯೇ ಬಂತು. ಊರಿನವರು ಹೇಳುವ ಕಥೆ ಹುಟ್ಟಿದ್ದೇ ಇಲ್ಲಿ. ಅಡುಗೆಯವರು, ಚಪ್ಪರದವನು, ನೀರಿನವಳು ಮೂವರೂ ಕಡ್ಡಿ ನೋಡಿದ್ದರು.

ಮರುದಿನ ಅಕ್ಕ, ನಾನು ಕಾರಿನಲ್ಲಿ ಚಂದಗುಳಿಗೆ ಹೊರಟೆವು. ಭೈರುಂಬೆ ದಾಟಿತು. ಅಕ್ಕ, ಸಾಯುವವರ ಹತ್ತಿರ ಹೋಗಿ ನೀನು ನಮ್ಮವನಲ್ಲ ಅಂತ ಬರೆದುಕೊಡು ಎಂದು ಕೇಳಿದ ಹಾಗಲ್ಲವೇ ಇದು ಎಂದಳು. ನಾನು ಕೂಡಲೇ, ಒಬ್ಬರ ಸಾವಿಗೂ ಇನ್ನೊಬ್ಬರ ಮದುವೆಗೂ ಕಾರ್ಯಕಾರಣ ಸಂಬಂಧವಿಲ್ಲ ಎಂಬಲ್ಲಿಂದ ಶುರುಮಾಡಿ ಚೆನ್ನಾಗಿಯೇ ವಾದಿಸಿದೆ. ಅವಳು ಕಿಟಕಿಯ ಗಾಜು ಇಳಿಸಿ ಹೊರಗೆ ನೋಡಿದಳು.

ಗಂಟೆ ಗಣಪತಿಗೆ ಹೋಗುವವರು ದಾರಿ ಕೇಳಲು ನಿಲ್ಲಿಸುವ ಮನೆ ಅದು. ಅಜ್ಜ ಜಗುಲಿಯ ಮಂಚದಲ್ಲಿ ಮಲಗಿದ್ದ. ಮೈಯಲ್ಲಿ ಏನೂ ಉಳಿದಿರಲಿಲ್ಲ, ಕಣ್ಣು ಮಾತ್ರ ಚುರುಕು. ಸೊಸೆ ದಿಂಬು ಎತ್ತರ ಮಾಡಿ ಕೂರಿಸಿದಳು. ನಾವು ಯಾಕೆ ಬಂದದ್ದು ಎಂಬುದು ಆಗಲೇ ಗೊತ್ತಿತ್ತು. ಆ ಅಡುಗೆಯವರು ಯಲ್ಲಾಪುರದವರಂತೆ. ನಾನು ಪೀಠಿಕೆ ಹಾಕುವ ಮೊದಲೇ ಅಜ್ಜ ಅಕ್ಕನನ್ನು ಹತ್ತಿರ ಕರೆದ.

‘ಆನು ಯಾವಾಗ ಸತ್ರೆ ನಿಂಗಕ್ಕೆ ಅನುಕೂಲ ಆಗ್ತು, ತಂಗಿ?’

ಅಕ್ಕನ ಕಣ್ಣು ತುಂಬಿತು. ಅಜ್ಜ ಅವಳ ಕೈ ಹಿಡಿದುಕೊಂಡೇ ನಗುತ್ತಿದ್ದ. ತಾರೀಕು ಗೊತ್ತಾದರೆ ತಾನೂ ಅಂದಾಜು ಮಾಡಿ ಪ್ರಯತ್ನ ಮಾಡಬಹುದಿತ್ತಲ್ಲ ಅಂತ ಕೇಳಿದ್ದು, ಅಳುವುದಕ್ಕೆ ಏನಿದೆ ಎಂದ. ಸೊಸೆ ಒಳಗಿನಿಂದ, ಮಾವಯ್ಯ ಸುಮ್ಮನಿರಿ ಎಂದಳು. ನಾನು ಅವನಿಗೂ ಪಾಠ ಹೇಳಿದೆ. ಅಜ್ಜನಷ್ಟು ಚೆನ್ನಾಗಿ ನಮ್ಮ ತರಗತಿಯಲ್ಲಿ ಯಾರೂ ಕೇಳಿಸಿಕೊಂಡಿರಲಿಕ್ಕಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ. ಹೊಂದದೇ ಹೋದರೆ ಅದಕ್ಕೆ ಅರ್ಥ ಏನು?

ನಾನು ಉತ್ಸಾಹದಲ್ಲಿದ್ದೆ. ಎರಡು ಸಾಧ್ಯತೆ ಎಂದೆ. ಒಂದು, ವಾನಳ್ಳಿಯಿಂದ ಯಾರೂ ಇಲ್ಲಿಗೆ ಬಂದೇ ಇಲ್ಲ, ಸುಮ್ಮನೆ ಸೂತಕ ಹಿಡಿಯುತ್ತ ಬಂದಿದ್ದೇವೆ. ಇನ್ನೊಂದು, ಬಂದದ್ದು ನಿಜ, ಆದರೆ ಆಮೇಲೆ ಯಾವುದೋ ತಲೆಮಾರಿನಲ್ಲಿ ಅಪ್ಪ ಅಂತ ಅನ್ನಿಸಿಕೊಂಡವನು ಅಪ್ಪ ಆಗಿರಲಿಲ್ಲ. ದತ್ತು ಇರಬಹುದು, ಅಥವಾ ಮತ್ತೇನೋ.

ಮತ್ತೇನೋ ಎಂದದ್ದು ಒಳಗೆ ಪಾತ್ರೆಯ ಸದ್ದು ನಿಂತಾಗ ನನಗೇ ಕೇಳಿಸಿತು.

‘ಯಾರ ಮನೇಲಿ?’ ಅಂದ ಅಜ್ಜ.

‘ಅದು ಕಡ್ಡಿಗೆ ಗೊತ್ತಾಗ್ತಿಲ್ಲೆ ಅಜ್ಜ.’

ಅಜ್ಜ ನಗಲು ಶುರುಮಾಡಿದವನು ಕೆಮ್ಮು ಬಂದು ನಿಲ್ಲಿಸಬೇಕಾಯಿತು. ಸೊಸೆ ಬಂದು ನೀರು ಕುಡಿಸಿ ಬೆನ್ನು ಸವರಿದಳು. ಸುಧಾರಿಸಿಕೊಂಡು ಹೇಳಿದ:

‘ನಿನ್ನ ದೊಡ್ಡಪ್ಪಂಗೆ ಇದನ್ನ ಹೇಳಿ ಬಾ. ಅಂವ ಹೂಂ ಅಂದ್ರೆ ಬಾಯಿ ತೆಗೀತೆ.’

ಅಷ್ಟು ಹೇಳಿ ತುಟಿ ಒತ್ತಿ ಹಿಡಿದು ಕೂತ, ಔಷಧಿ ಬೇಡವೆನ್ನುವ ಮಗುವಿನ ಹಾಗೆ. ಸೊಸೆ ಕೊಟ್ಟ ಅವಲಕ್ಕಿ ತಿಂದು ಹೊರಟೆವು. ಅಕ್ಕ ನಮಸ್ಕಾರ ಮಾಡಿದಾಗ ಮಾತ್ರ ಅಜ್ಜ ಬಾಯಿ ತೆರೆದು, ಡಾಕ್ಟರು ಒಳ್ಳೆಯವನಡ, ದನ ಒದ್ದರೂ ಬೈಯುವುದಿಲ್ಲವಡ, ಬಿಡಬೇಡ ಎಂದ.

ವಾನಳ್ಳಿಯಲ್ಲಿ ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಹೊಂದದಿದ್ದರೆ ನಮ್ಮೆರಡು ಮನೆಗಳ ಅಜ್ಜಿಯರಲ್ಲಿ ಯಾರಾದರೊಬ್ಬರ ಮೇಲೆ ಸಂಶಯ ಬರುತ್ತದೆ, ಯಾರ ಮೇಲೆ ಎಂದು ಯಂತ್ರ ಹೇಳುವುದಿಲ್ಲ, ಹಾಗಾಗಿ ಎಲ್ಲರ ಮೇಲೂ ಬರುತ್ತದೆ. ಮೇಡಂ ಕೇಳು ಎಂದಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ಇಲ್ಲ ಎಂದು ಬಂದರೆ ಏನು ಮಾಡುತ್ತೀಯ? ದೊಡ್ಡಪ್ಪ ಬಹಳ ಹೊತ್ತು ಗೋಡೆಯ ಮೇಲಿದ್ದ ತನ್ನ ಅಜ್ಜ ಅಜ್ಜಿಯರ ಫೋಟೋ ನೋಡಿದ. ಅಜ್ಜಿಯ ಫೋಟೋವನ್ನು ಸ್ವಲ್ಪ ಹೆಚ್ಚೇ ನೋಡಿದ ಎಂದು ದೊಡ್ಡಮ್ಮ ಇವತ್ತಿಗೂ ಹೇಳುತ್ತಾಳೆ. ಆಮೇಲೆ ಎದ್ದು ಬಂದು ನನ್ನ ಮೇಜಿನ ಮೇಲಿದ್ದ ಲಕೋಟೆ ತೆಗೆದುಕೊಂಡು ಬಚ್ಚಲಿಗೆ ಹೋಗಿ ನೀರೊಲೆಗೆ ಹಾಕಿದ.

‘ಅಂವ ನಮ್ಮವ್ನೇಯ. ಮುಖ ನೋಡಿರೆ ಗೊತ್ತಾಗ್ತಿಲ್ಯ?’ ಅಂದ.

ಬೆಳಿಗ್ಗೆಯವರೆಗೆ ಅಜ್ಜನ ಮೂಗು ನಮ್ಮ ಕುಟುಂಬದ್ದಲ್ಲ ಎನ್ನುತ್ತಿದ್ದವನಿಗೆ ಸಂಜೆಯ ಹೊತ್ತಿಗೆ ಆ ಮೂಗು, ನಡಿಗೆ, ಸಿಟ್ಟು ಎಲ್ಲ ವಾನಳ್ಳಿಯದಾಗಿತ್ತು. ನಾನು ಆಕ್ಷೇಪ ಎತ್ತಿದೆ. ತೀರ್ಮಾನ ಮೊದಲು, ಸಾಕ್ಷಿ ಆಮೇಲೆ ಎನ್ನುವುದು ತರ್ಕವಲ್ಲ ಎಂದೆ. ತರ್ಕ ನಿಮ್ಮ ಮುಂದಿನ ಕೋಣೆಯಲ್ಲಿ ಇಟ್ಟುಕೋ ಎಂದ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿದ ಮೇಲೆ ದೊಡ್ಡಪ್ಪನ ದನಿ ಇಳಿಯಿತು. ದಾಯಾದಿಯೇ ಹೌದು ಎಂದು ತಾನೇ ಒಪ್ಪಿಕೊಂಡ ಮೇಲೆ, ಹತ್ತು ದಿನದ ಸೂತಕವನ್ನೂ ತಾನೇ ಒಪ್ಪಿಕೊಂಡಂತಾಯಿತಲ್ಲ.

ಭಟ್ಟರು ಬಂದು ಒಂದು ಮಾತು ಹೇಳಿ ಹೋದರು. ಮದುವೆಯ ಕಾರ್ಯ ಶುರುಮಾಡುವ ನಾಂದಿ ಪೂಜೆ ಆಯಿತೆಂದರೆ ಆಮೇಲೆ ಬಂದ ಸೂತಕ ಈ ಮದುವೆಗೆ ತಟ್ಟುವುದಿಲ್ಲ. ಅದಕ್ಕೆ ಮೊದಲು ಬಂದರೆ ತಾವು ಕೈ ಹಾಕುವುದಿಲ್ಲ. ಬಂತು ಎಂದರೆ ಸುದ್ದಿ ಕಿವಿಗೆ ಬಿತ್ತು ಎಂದರ್ಥ, ಎಂದೂ ಸೇರಿಸಿದರು. ಮದುವೆಯ ಹಿಂದಿನ ದಿನ ನಾಂದಿ ಎಂದಾಯಿತು. ಅಲ್ಲಿಯವರೆಗೆ ಮನೆಯಲ್ಲಿ ಫೋನು ರಿಂಗಾದರೆ ಸಾಕು, ಎಲ್ಲರೂ ಮಾಡುತ್ತಿದ್ದ ಕೆಲಸ ಬಿಟ್ಟು ದೊಡ್ಡಪ್ಪನ ಮುಖ ನೋಡುತ್ತಿದ್ದರು. ಅಕ್ಕ ನೋಡುತ್ತಿರಲಿಲ್ಲ.

ನಾಂದಿಯ ದಿನ ದೊಡ್ಡಪ್ಪ ನಸುಕಿನಲ್ಲೇ ಮಿಂದು, ಮಡಿಪಂಚೆ ಉಟ್ಟು ತಯಾರಾಗಿದ್ದ. ಭಟ್ಟರು ಇನ್ನೂ ಬಂದಿರಲಿಲ್ಲ. ಫೋನು ಬಂತು. ಅವನು ಅಂಗಳದ ತುದಿಗೆ ಹೋಗಿ ಮಾತಾಡಿದ, ಮಾತಾಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ವಾಪಸು ಬಂದು, ಮೊಸರಿನವನು ತಡವಾಗುತ್ತದೆ ಅಂದ ಎಂದ. ಹಾಗೆಂದವನು ನೇರ ಬಚ್ಚಲಿಗೆ ಹೋಗಿ ಉಟ್ಟ ಮಡಿಯಲ್ಲೇ ತಲೆಯ ಮೇಲಿಂದ ತಣ್ಣೀರು ಸುರಿದುಕೊಂಡ. ದೊಡ್ಡಮ್ಮ ಗಾಬರಿಯಿಂದ ಏನಾಯಿತು ಎಂದು ಕೇಳಿದಳು. ಮೈಮೇಲೆ ಹಲ್ಲಿ ಬಿತ್ತು ಎಂದ. ಎಲ್ಲಿ ಬಿತ್ತು ಅಂತ ಅವಳು ಪಂಚಾಂಗ ತೆರೆದು ಹಿಡಿದೇ ಕೇಳಿದಳು. ಬಲ ಭುಜ ಎಂದ. ಅವಳು ಫಲ ಓದಿ, ಒಳ್ಳೆಯದೇ ಇದೆ ಎಂದು ಸಮಾಧಾನ ಪಟ್ಟಳು. ನಾನು ಹಲ್ಲಿ ಶಕುನದ ಬಗ್ಗೆ ಒಂದು ಒಳ್ಳೆಯ ವಾದ ಹೂಡಿದೆ. ಯಾರೂ ಕಿವಿಗೊಡಲಿಲ್ಲ. ನಾಂದಿ ನಡೆಯಿತು. ಮದುವೆಯೂ ಆಯಿತು. ಮಗಳನ್ನು ಧಾರೆ ಎರೆಯುವಾಗ ದೊಡ್ಡಪ್ಪ ಅರ್ಧ ನೀರು ಹೊರಗೇ ಚೆಲ್ಲಿದ. ಒಬ್ಬಳೇ ಮಗಳಲ್ಲವೇ ಎಂದರು ಎಲ್ಲರೂ.

ಅಕ್ಕನನ್ನು ಸಿದ್ದಾಪುರಕ್ಕೆ ಕಳಿಸಿಕೊಟ್ಟ ಮರುದಿನ ಬೆಳಿಗ್ಗೆ ದೊಡ್ಡಪ್ಪ, ಈಗ ಚಂದಗುಳಿಯಿಂದ ಫೋನು ಬಂತು, ಅಜ್ಜ ಹೋದನಂತೆ ಎಂದ. ನಾನೇ ಕಾರು ಓಡಿಸಿದೆ. ಹೋಗಿ ನೋಡಿದರೆ ಜಗುಲಿಯ ಮಂಚ ತೊಳೆದು ಗೋಡೆಗೆ ಒರಗಿಸಿದ್ದಾರೆ, ಅದು ಒಣಗಿದೆ. ಅಜ್ಜನ ಮಗ ಕರ್ಮಕ್ಕೆ ಕೂತವನು, ತಲೆ ಬೋಳಿಸಿದ್ದ. ಆ ಬೋಳು ನುಣ್ಣಗಿರಲಿಲ್ಲ, ಮರಳು ಕಾಗದದ ಹಾಗೆ ಕರಿಕೂದಲು ಎದ್ದಿತ್ತು. ಕೂದಲಿನ ಬೆಳವಣಿಗೆ ನಮಗೆ ಒಂದು ಪೂರ್ತಿ ಪಾಠ, ಇದು ಇವತ್ತು ಬೋಳಿಸಿದ ತಲೆಯಲ್ಲ. ನಾನು ಸೊಸೆಯನ್ನು ನೋಡಿದೆ. ಆಕೆ ನೆಲ ನೋಡಿದಳು. ದೊಡ್ಡಪ್ಪ ಆ ಮಗನ ಪಕ್ಕ ಕೂತು, ಕಷ್ಟಪಟ್ಟನೇ ಎಂದು ಕೇಳಿದ. ಇಲ್ಲ, ಸಲೀಸಾಗಿ ಹೋದ ಎಂದ ಮಗ. ಯಾವ ದಿನ ಎನ್ನುವುದನ್ನು ದೊಡ್ಡಪ್ಪ ಕೇಳಲಿಲ್ಲ, ಮಗ ಹೇಳಲಿಲ್ಲ. ಹನ್ನೊಂದನೆಯ ದಿನ ಯಾವತ್ತು ಬರುತ್ತದೆ ಅಂತಲೂ ಕೇಳಲಿಲ್ಲ. ಎಲ್ಲದಕ್ಕೂ ಲೆಕ್ಕ ಹಾಕುವ ನನ್ನ ದೊಡ್ಡಪ್ಪ.

ವಾಪಸು ಬರುವಾಗ ಅವನು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದ. ಯಲ್ಲಾಪುರ ದಾಟಿತು. ಅವನಿಗೆ ಏನೋ ಹೇಳುವುದಿತ್ತು ಎಂದು ನನಗೆ ಅನ್ನಿಸುತ್ತಿತ್ತು, ಅಥವಾ ನಾನು ಕೇಳಲಿ ಎಂದು ಕಾಯುತ್ತಿದ್ದನೋ. ಕೇಳದೆ ಬಿಡುವುದು ನನಗೆ ಬರುವುದಿಲ್ಲ.

‘ದೊಡ್ಡಪ್ಪ, ನಾಂದಿ ದಿನ ಬೆಳಿಗ್ಗೆ ಆ ಎರಡ್ನೇ ಸ್ನಾನ ಎಂತಕ್ಕೆ ಮಾಡಿದ್ದು?’